ನೋಡಿಕೊಳ್ಳುವವರ ಮೈಯೂ ದಣಿಯುತ್ತದೆ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವುದು ಮನಸ್ಸಿಗೆ ಭಾರ ಎಂದು ಎಲ್ಲರೂ ಹೇಳುತ್ತಾರೆ. ನನ್ನಲ್ಲಿ ಮೊದಲು ಸೋತಿದ್ದು ಸೊಂಟ. ನಮ್ಮ ಅತ್ತೆಗೆ ಆಲ್‌ಝೈಮರ್ ಬಂದ ಮೇಲೆ ಅವರನ್ನು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಿ ಬೆನ್ನು ಹಿಡಿದುಕೊಂಡಿತು. ದಿನಾ ವಾಕಿಂಗ್ ಹೋಗು ಎಂದವರು ಹಲವರು. ಅಷ್ಟು ಹೊತ್ತು ಅವರನ್ನು ಯಾರ ಕೈಗೆ ಒಪ್ಪಿಸಲಿ?

ದಾರಿ ತೋರಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್. ರಟ್ಟೆ ಹಿಡಿದು ಎಳೆಯಬಾರದು, ಕಂಕುಳಿಗೆ ಕೈಹಾಕಿ ಎತ್ತಬಾರದು. ಅವರ ಭುಜಕ್ಕೂ ಪೆಟ್ಟು, ನಮ್ಮ ಬೆನ್ನಿಗೂ ಪೆಟ್ಟು. ಮೊದಲು ಅವರನ್ನು ಮಂಚದ ಅಂಚಿಗೆ ಸರಿಸಬೇಕು. ಪಾದ ಎರಡೂ ನೆಲಕ್ಕೆ ಊರಿ, ಮಂಡಿಗಿಂತ ತುಸು ಹಿಂದಿರಬೇಕು. ಆಮೇಲೆ ಮುಂದಕ್ಕೆ ಬಾಗಿದರೆ ಅವರ ಭಾರ ಅವರ ಕಾಲಿಗೇ ಬರುತ್ತದೆ. ನಾವು ಕಾಲು ಅಗಲಿಸಿ, ಸೊಂಟದ ಬದಲು ಮಂಡಿ ಬಗ್ಗಿಸಿ ನಿಲ್ಲಬೇಕು. 'ಏಳಿ ಅತ್ತೆ' ಎಂದು ಒಂದೇ ಮಾತು ಹೇಳಿ ಕಾಯಬೇಕು. ಮಾತು ಅವರ ಒಳಗೆ ಇಳಿಯಲು ಹೊತ್ತು ಬೇಕು.

ಉಳಿದ ವ್ಯಾಯಾಮವನ್ನು ಮನೆಗೆಲಸದ ನಡುವೆಯೇ ಸೇರಿಸಿಕೊಂಡೆ. ಹಾಲು ಕಾಯುವವರೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಸಂಜೆಯಾದರೆ ಅತ್ತೆಗೆ ಚಡಪಡಿಕೆ. ಕೂತಿರುವುದು ಅವರ ಮನೆಯಲ್ಲೇ ಆದರೂ 'ನಮ್ಮನೆಗೆ ಹೋಗೋಣ ನಡಿ' ಎನ್ನುತ್ತಾರೆ. ಈ ಕಾಯಿಲೆಯಲ್ಲಿ ಬಹಳ ಮಂದಿಗೆ ಇಳಿಹೊತ್ತಿನಲ್ಲಿ ಹೀಗಾಗುತ್ತದೆ. ಇದೇ ನಿಮ್ಮ ಮನೆ ಎಂದು ವಾದಿಸುವುದಿಲ್ಲ. 'ಬನ್ನಿ' ಎಂದು ಕೈ ಹಿಡಿದು ಅಂಗಳದಲ್ಲಿ ಅಡ್ಡಾಡಿಸುತ್ತೇನೆ. ಅವರಿಗೂ ಸಮಾಧಾನ, ನನ್ನ ಕಾಲೂ ಸಡಿಲ.

ಸ್ನಾನ ಮಾಡಿಸುವ ಮೊದಲು ಬಚ್ಚಲಮನೆ ಬಾಗಿಲಲ್ಲಿ ನಿಂತು ಉಸಿರನ್ನು ನಿಧಾನವಾಗಿ ಹೊರಬಿಟ್ಟು ಭುಜ ಇಳಿಸುತ್ತೇನೆ. ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ನನ್ನ ಹೆಸರು ಮರೆತಿರುವ ಅತ್ತೆಗೆ ನನ್ನ ಮುಖದ ಬಿಗಿ ತಕ್ಷಣ ತಿಳಿಯುತ್ತದೆ. ನಾನು ಬಿಗಿದುಕೊಂಡಿದ್ದ ದಿನ ಚೆಂಬನ್ನು ತಳ್ಳುತ್ತಾರೆ. ಹಗುರಾಗಿದ್ದ ದಿನ ಹೆಚ್ಚಿನ ಸಲ ತಾವೇ ತಲೆ ಬಗ್ಗಿಸುತ್ತಾರೆ.

ಇದ್ಯಾವುದೂ ನಿದ್ದೆಗೆ ಬದಲಿಯಲ್ಲ. ಭಾನುವಾರ ಮಧ್ಯಾಹ್ನ ಬಂದು ಅಮ್ಮನ ಹತ್ತಿರ ಕೂತುಕೊಳ್ಳಿ ಎಂದು ನಾದಿನಿಯನ್ನು ಬಾಯಿಬಿಟ್ಟು ಕೇಳಿದೆ. ಬರುತ್ತಿದ್ದಾರೆ. ನೀವೂ ಕೇಳಿ, ದಿನ ಮತ್ತು ಹೊತ್ತು ಹೇಳಿಯೇ ಕೇಳಿ. ಕೇಳಲು ಯಾರೂ ಇಲ್ಲದೆ ಮನಸ್ಸು ತಡೆಯದಾದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.