ಕುಸಿದ ಅಗ್ಗಿಷ್ಟಿಕೆ: ದುರಸ್ತಿ ಶುರುವಾಗಬೇಕಾದ್ದು ನೆಲದಡಿಯಿಂದ

ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ನೂರಾರು ವರ್ಷ ಹಳೆಯ ಮರದ ಮನೆಗಳು ಇಂದಿಗೂ ಮಾರಾಟಕ್ಕೆ ಬರುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರು ಅಂಥ ಮನೆ ಕೊಂಡರೆ ಮೊದಲು ಅಗ್ಗಿಷ್ಟಿಕೆಯ ಮುಂದಿನ ಇಟ್ಟಿಗೆ ನೆಲಗಟ್ಟಿನ ಮೇಲೆ ರಸಮಟ್ಟ ಇಟ್ಟು ನೋಡಲಿ. ಅದು ಕೋಣೆಯತ್ತ ವಾಲಿದೆಯೇ? ಬೆಂಕಿಗೂಡಿನ ಅಂಚಿನಲ್ಲಿ ಬಿರುಕು ಬಿಟ್ಟಿದೆಯೇ? ಹಾಗಿದ್ದರೆ ಬೆಂಕಿ ಹಾಕುವುದನ್ನು ಅಂದೇ ನಿಲ್ಲಿಸಿ. ಬಿರುಕಿನೊಳಗೆ ಬಿದ್ದ ಕೆಂಡದ ಚೂರು ಕೆಳಗಿನ ಒಣಮರಕ್ಕೆ ತಗುಲಿದರೆ ಮನೆಯೇ ಉರಿದುಹೋದೀತು.

ಈ ನೆಲಗಟ್ಟು ಸಾಮಾನ್ಯವಾಗಿ ಮಣ್ಣಿನ ಮೇಲೆ ಕೂತಿರುವುದಿಲ್ಲ. ಚಿಮಣಿಯ ಬುಡದಿಂದ ಹೊರಟ ಅರ್ಧ ಕಮಾನೊಂದು ಮುಂದಿನ ಅಡ್ಡತೊಲೆಗೆ ಒರಗಿರುತ್ತದೆ. ಅದರ ಮೇಲೆ ಮರಳು, ಇಟ್ಟಿಗೆ ಚೂರುಗಳ ಭರ್ತಿ, ಆಮೇಲೆ ನೆಲಗಟ್ಟು. ಚಿಮಣಿಗೆ ತನ್ನದೇ ಪಾಯವಿದೆ, ಅಡ್ಡತೊಲೆಗಿಲ್ಲ. ತೊಲೆ ಕೊಳೆತರೆ, ಹುಳು ತಿಂದರೆ ಅಥವಾ ಪೈಪು ಹಾಯಿಸಲು ಯಾರೋ ಅದನ್ನು ಕೊರೆದಿದ್ದರೆ ಮುಂದಿನ ಭಾಗ ಮಾತ್ರ ಇಳಿಯುತ್ತದೆ. ಮೇಲೆ ಸಿಮೆಂಟು ಸುರಿದು ಮಟ್ಟ ಮಾಡುವವರು ಸೋತ ತೊಲೆಗೆ ಇನ್ನಷ್ಟು ಭಾರ ಹೇರುತ್ತಾರೆ, ಅಷ್ಟೆ.

ಹಾಗಾಗಿ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ನೆಲಮಾಳಿಗೆಗೆ ಇಳಿಯಿರಿ. ತೊಲೆ, ಜಂತೆಗಳನ್ನು ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಹೊಕ್ಕರೆ ಮರ ಹಾಳಾಗಿದೆ. ಎಷ್ಟು ಬದಲಿಸಬೇಕೆಂಬುದನ್ನು ಹಳೆಯ ಮನೆಗಳನ್ನು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ಈ ಖರ್ಚು ಉಳಿಸಬೇಡಿ.

ಆಮೇಲೆ ಆಸರೆ. ಗಟ್ಟಿ ಕಾಂಕ್ರೀಟ್ ಬುಡದ ಮೇಲೆ ಸ್ಕ್ರೂ ಜ್ಯಾಕ್ ಕಂಬಗಳನ್ನು ನಿಲ್ಲಿಸಿ, ಅಡ್ಡತೊಲೆಯ ಕೆಳಗೆ ದಪ್ಪ ದಿಮ್ಮಿ ಕೊಡಿ. ಎತ್ತುವಾಗ ಅವಸರ ಕೂಡದು: ವಾರಕ್ಕೆ 3 ಮಿ.ಮೀ. ಸಾಕು. ಬಿರುಕು ಹೊಸದಾಗಿ ಕಂಡರೆ ಅಲ್ಲೇ ನಿಲ್ಲಿಸಿ. ಪೂರ್ತಿ ಮಟ್ಟಕ್ಕೆ ಬರಲೇಬೇಕೆಂಬ ಹಟವೂ ಬೇಡ, ಮನೆ ಆ ವಾಲಿಗೇ ಒಗ್ಗಿಕೊಂಡಿರುತ್ತದೆ. ಬಳಿಕ ಹಾಳಾದ ಮರ ಬದಲಿಸಿ, ಸೋತ ಜಂತೆಗಳಿಗೆ ಪಕ್ಕದಲ್ಲಿ ಹೊಸ ಜಂತೆ ಜೋಡಿಸಿ. ಕಮಾನಿನಡಿ ಹಳೆಯ ಹಲಗೆ ಅಚ್ಚು ಉಳಿದಿದ್ದರೆ, ಕಮಾನು ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ ತೆಗೆಸಿ.

ಇನ್ನು ಮೇಲಿನ ನೆಲಗಟ್ಟು. ಇಟ್ಟಿಗೆ ಬಿಚ್ಚುವ ಮೊದಲು ಫೋಟೋ ತೆಗೆದು, ಒಂದೊಂದಕ್ಕೂ ನಂಬರು ಹಾಕಿ. ಅವು ಮೆತ್ತನೆಯ ಹಳೆಯ ಇಟ್ಟಿಗೆಗಳು. ಸಿಮೆಂಟಿನ ಗಾರೆ ಅವಕ್ಕಿಂತ ಗಡುಸಾದ್ದರಿಂದ ನೆಲ ಅಲುಗಿದಾಗ ಒಡೆಯುವುದು ಸಂದಲ್ಲ, ಇಟ್ಟಿಗೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯೇ ತಕ್ಕದ್ದು. ಬೆಂಕಿಗೂಡಿನ ಒಳಕ್ಕೆ ಮಾತ್ರ ಶಾಖ ತಡೆಯುವ ಗಾರೆ ಬೇಕು. ಇಟ್ಟಿಗೆಯನ್ನು ನೆನೆಸಿ ಕೂರಿಸಿ, ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಿ. ಹಿಮ ಬೀಳುವ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಅಳತೆಯನ್ನೂ ನೋಡಿಕೊಳ್ಳಿ. ಅಗ್ಗಿಷ್ಟಿಕೆಯ ಬಾಯಿ 6 ಚದರಡಿಗಿಂತ ಚಿಕ್ಕದಿದ್ದರೆ ನೆಲಗಟ್ಟು ಮುಂದಕ್ಕೆ 16 ಇಂಚು, ಎರಡೂ ಪಕ್ಕಕ್ಕೆ 8 ಇಂಚು ಚಾಚಿರಬೇಕು. ಅಷ್ಟೇ ಅಥವಾ ಅದಕ್ಕಿಂತ ದೊಡ್ಡದಿದ್ದರೆ 20 ಮತ್ತು 12. ಗಾರೆ ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟರಲ್ಲಿ ಚಿಮಣಿಯ ಒಳಗೋಡೆಯನ್ನೂ ತಪಾಸಣೆ ಮಾಡಿಸಿ, ಮೊದಲ ಬೆಂಕಿಯನ್ನು ಸಣ್ಣದಾಗಿ ಹಚ್ಚಿ.