ಪರದೆಯಡಿ ನಿಂತ ನೀರು

ಕರಡು ತಿದ್ದುವುದು ನನ್ನ ಕಸುಬು. ಸಾಲುಗಳ ನಡುಭಾಗ ಜಗ್ಗಿದಂತೆ ಕಂಡಾಗ ಮೊದಲು ಅನುಮಾನ ಬಂದದ್ದು ಪುಟ ಕಟ್ಟಿದ ಹುಡುಗನ ಮೇಲೆ. ಬಲಗಣ್ಣು ಮುಚ್ಚಿ ನೋಡಿದೆ: ಎಡಗಣ್ಣಿನ ನೋಟದ ನಟ್ಟನಡುವೆ ಬೂದು ಮಚ್ಚೆ, ಅದರೊಳಗೆ ಅಕ್ಷರಗಳು ಒಂದು ಸೈಜು ಚಿಕ್ಕವು, ಕೆಂಪು ಶಾಯಿಯೂ ಮಾಸಲು. ನೋವಿಲ್ಲ, ಉರಿಯಿಲ್ಲ.

ಕಣ್ಣಾಸ್ಪತ್ರೆಯ ಓಸಿಟಿ ಸ್ಕ್ಯಾನಿನಲ್ಲಿ ರೆಟಿನಾ, ಅಂದರೆ ಕಣ್ಣಿನ ಪರದೆ, ಒಂದೆಡೆ ಗುಳ್ಳೆಯಂತೆ ಉಬ್ಬಿತ್ತು, ಅಡಿಯಲ್ಲಿ ನೀರು. ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪಥಿ. ಆಸ್ಪತ್ರೆಯವರ ಬಾಯಲ್ಲಿ ಬರೀ ಸಿಎಸ್‌ಆರ್. ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫ್ 1866ರಲ್ಲೇ ಇದನ್ನು ಬಣ್ಣಿಸಿದ್ದರು. ರೆಟಿನಾದ ಹಿಂದಿನ ರಕ್ತನಾಳಗಳ ಪದರ ಹಿಗ್ಗಿ, ನೀರು ಒಸರಿ ರೆಟಿನಾದ ಅಡಿ ನಿಲ್ಲುತ್ತದೆ. ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು. ಒತ್ತಡವೂ ಕಾರಣವಾಗಬಹುದು, ಸ್ಟೀರಾಯ್ಡೂ ಆಗಬಹುದು.

ಕಣ್ಣಿನ ಡಾಕ್ಟರು ಸ್ಟೀರಾಯ್ಡ್ ಎಂಬ ಮಾತನ್ನೇ ಎತ್ತಲಿಲ್ಲ. "ಮೂಗಿಗೆ ಏನಾದರೂ ಹೊಡ್ಕೋತೀರಾ? ಉಬ್ಬಸಕ್ಕೆ ಪಂಪು? ಚರ್ಮಕ್ಕೆ ಮುಲಾಮು? ಮಂಡಿಗೆ ಇಂಜೆಕ್ಷನ್?" ಎಂದು ಅಂಗಾಂಗ ಹಿಡಿದು ಕೇಳಿದರು. ಹೆಸರು ಹೇಳಿ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ, ಸ್ವಾಮಿ, ಎಂದು ನಕ್ಕರು. ಮಂಡಿ ಬಿಟ್ಟು ಉಳಿದದ್ದೆಲ್ಲ ನನಗಿತ್ತು: ಬ್ಯೂಡೆಸೊನೈಡ್ ಇನ್‌ಹೇಲರ್, ಫ್ಲುಟಿಕಾಸೋನ್ ಸ್ಪ್ರೇ, ಇಸುಬಿಗೆ ಮುಲಾಮು, ಚಳಿಗಾಲದಲ್ಲಿ ಉಬ್ಬಸ ಜೋರಾದಾಗ ಪ್ರೆಡ್ನಿಸೊಲೋನ್ ಮಾತ್ರೆ. ಎಲ್ಲವೂ ಸ್ಟೀರಾಯ್ಡೇ. ಒಂದೊಂದು ಚೀಟಿಯೂ ಸರಿಯೇ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಮಾತ್ರೆಯ ಮೇಲೆ ಅನುಮಾನ ಹೆಚ್ಚು. ಸ್ಪ್ರೇ, ಮುಲಾಮು ಬಳಸಿದವರಲ್ಲೂ ಈ ಕಾಯಿಲೆ ಕಂಡುಬಂದ ಉದಾಹರಣೆಗಳಿವೆಯಂತೆ.

ತಮಾಷೆ ಏನೆಂದರೆ, ಪಕ್ಕದ ಕುರ್ಚಿಯಲ್ಲಿದ್ದ ಸಕ್ಕರೆ ಕಾಯಿಲೆಯ ಹಿರಿಯರಿಗೂ ಕಣ್ಣೊಳಗೆ ನೀರು. ಅವರಿಗೆ ಅದನ್ನು ಇಳಿಸಲು ಕೊಡುತ್ತಿದ್ದದ್ದೇ ಸ್ಟೀರಾಯ್ಡ್ ಇಂಜೆಕ್ಷನ್! ಹಾಗಾಗಿ ಈ ಮದ್ದನ್ನು ಬೈಯುವುದು ನನ್ನಿಂದಾಗದು. ನನಗೆ ಉಸಿರು ಕೊಟ್ಟದ್ದೂ ಅದೇ.

ಮನೆಗೆ ಬಂದು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿಯುವ ಆವೇಶವಿತ್ತು. ಡಾಕ್ಟರು ಮೊದಲೇ ತಡೆದಿದ್ದರು. ಹೊರಗಿನಿಂದ ಬಹಳ ದಿನ ಸ್ಟೀರಾಯ್ಡ್ ಸಿಕ್ಕರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿ ತನ್ನ ಕೆಲಸ ಮರೆತು ಕೂರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಉಬ್ಬಸದವರು ಇನ್‌ಹೇಲರ್ ಬಿಡುವುದೂ ಹಾಗೆಯೇ. ಕಣ್ಣಿನ ಡಾಕ್ಟರೇ ಎದೆಯ ಡಾಕ್ಟರಿಗೆ ಫೋನು ಮಾಡಿದರು. ಮಾತ್ರೆಯ ಅಗತ್ಯ ಬಾರದಂತೆ ಉಬ್ಬಸದ ಮದ್ದು ಹೊಂದಿಸಿದರು, ಇನ್‌ಹೇಲರ್ ಕಡಿಮೆ ಪ್ರಮಾಣದಲ್ಲಿ ಉಳಿಯಿತು, ಸ್ಪ್ರೇ ನಿಂತಿತು.

ಕಣ್ಣಿಗೆ ಕೊಟ್ಟ ಚಿಕಿತ್ಸೆ? ಕಾಯುವುದು. ಬಹುಪಾಲು ಜನರಿಗೆ ಮೂರ್ನಾಲ್ಕು ತಿಂಗಳಲ್ಲಿ ನೀರು ತಾನೇ ಇಂಗುತ್ತದೆ. ಇಂಗದಿದ್ದರೆ ವರ್ಟೆಪೋರ್ಫಿನ್ ಮದ್ದು ರಕ್ತಕ್ಕೆ ಕೊಟ್ಟು ಲೇಸರ್ ಹಾಯಿಸುವ ಫೋಟೋಡೈನಮಿಕ್ ಚಿಕಿತ್ಸೆಯಿದೆ. ನೀರು ಬೇಗ ಇಂಗಲೆಂದು ಎಪ್ಲೆರಿನೋನ್ ಮಾತ್ರೆ ಕೊಡಿ ಎಂದು ನಾನೇ ಕೇಳಿದ್ದೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅದು ಹುಸಿಮಾತ್ರೆಗಿಂತ ಮೇಲೇನೂ ಅಲ್ಲವೆಂದು ಕಂಡಿತಂತೆ.

ನೀರು ಇಂಗಿದೆ. ಎಡಗಣ್ಣಿಗೆ ಮಾತ್ರ ಬಿಳಿ ಇನ್ನೂ ತುಸು ಮಂಕು. ಮರುಕಳಿಸುವ ಕಾಯಿಲೆಯಾದ್ದರಿಂದ ಆಮ್ಸ್ಲರ್ ಚೌಕದ ಹಾಳೆ ಬೀರುವಿನ ಬಾಗಿಲಿಗೆ ಅಂಟಿದೆ. ಒಂದೊಂದೇ ಕಣ್ಣು ಮುಚ್ಚಿ, ಗೆರೆಗಳು ಜಗ್ಗಿವೆಯೇ ಎಂದು ನೋಡುತ್ತೇನೆ. ಯಾವ ಡಾಕ್ಟರ ಬಳಿ ಹೋದರೂ ಮದ್ದಿನ ಚೀಲವನ್ನೇ ಒಯ್ಯುತ್ತೇನೆ, ಮುಲಾಮಿನ ಟ್ಯೂಬೂ ಸೇರಿ. ಮೊನ್ನೆ ಹಲ್ಲಿನ ಡಾಕ್ಟರು ಅದನ್ನು ಕಂಡು, "ಹಲ್ಲಿಗೂ ಇದಕ್ಕೂ ಏನು ಸಂಬಂಧ?" ಎಂದರು. ಊತಕ್ಕೆಂದು ಅವರು ಬರೆಯುತ್ತಿದ್ದದ್ದು ಡೆಕ್ಸಾಮೆಥಾಸೋನ್, ಅದೂ ಸ್ಟೀರಾಯ್ಡೇ.