ಕಿವಿ ಕೇಳದವರಿಗೂ ಟೆಲಿಫೋನು

ಅಸ್ಸಿಯಲ್ಲಿರುವ ನಾವು ಸಂಜೆ ಕೆಲಸ ಮುಗಿಸಿ ಊರಿಗೆ ಫೋನು ಮಾಡುತ್ತೇವೆ. ಊರಿನಲ್ಲಿರುವ ತಮ್ಮನು ಕಿವುಡನಾಗಿದ್ದರೆ ಅವನ ಕ್ಷೇಮವನ್ನು ಬೇರೊಬ್ಬರಿಂದ ಕೇಳಿ ಸುಮ್ಮನಾಗುತ್ತೇವೆ. ಮದುವೆಯ ಮಾತಿರಲಿ, ಆಸ್ತಿಯ ಭಾಗದ ಮಾತಿರಲಿ, ಅವನ ಪರವಾಗಿ ಬೇರೆಯವರೇ ಹೂಂಗುಟ್ಟುತ್ತಾರೆ. ಇದು ನ್ಯಾಯವಲ್ಲ.

1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್ಲರ ತಾಯಿಗೂ ಹೆಂಡತಿಗೂ ಕಿವುಡು. ಆದರೂ ಯಂತ್ರ ಕೇಳುವವರ ಪಾಲಿಗೇ ಆಯಿತು! 1964ರಲ್ಲಿ ಅಮೆರಿಕೆಯ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ, ತಾವೇ ಕಿವುಡರು, ಬೆರಳಚ್ಚಿನ ಅಕ್ಷರವನ್ನು ನಾದವಾಗಿಸಿ ಟೆಲಿಫೋನಿನಲ್ಲಿ ಕಳುಹಿಸಿ ಆಚೆ ಕಡೆ ಪುನಃ ಅಕ್ಷರವಾಗಿಸುವ ಉಪಾಯ ಕಂಡರು. ಈಗ ವಿಡಿಯೋ ಕರೆಯಲ್ಲಿ ಕೈಸನ್ನೆಯೇ ಕಾಣುತ್ತದೆ. ಮುಖಕ್ಕೂ ಕೈಗೂ ಬೆಳಕು ಬೀಳುವಂತೆ ಕುಳಿತರಾಯಿತು.

ಕಣ್ಣೂ ಕಾಣದವರಿಗೆ ಬೆರಳೇ ದಾರಿ. ಬ್ರೈಲ್ ಎಂಬುದು ಆರು ಉಬ್ಬುಚುಕ್ಕಿಗಳ ಲಿಪಿ. ಅದರ ಫಲಕವನ್ನು ಫೋನಿಗೆ ಜೋಡಿಸಿದರೆ, ಬಂದ ಓಲೆಯ ಅಕ್ಷರಗಳಿಗೆ ತಕ್ಕಂತೆ ಸಣ್ಣ ಮೊಳೆಗಳು ಮೇಲೇಳುತ್ತವೆ. ಗುಂಡಿ ಒತ್ತಿದರೆ ಅವು ಇಳಿದು ಮುಂದಿನ ಸಾಲು ಏಳುತ್ತದೆ. 1951ರ ಭಾರತಿ ಬ್ರೈಲಿನಲ್ಲಿ ‘ಕ’ ಎಂಬುದಕ್ಕೆ ಹಿಂದಿಯಲ್ಲೂ ಕನ್ನಡದಲ್ಲೂ 1 ಮತ್ತು 3ನೆಯ ಚುಕ್ಕಿಗಳೇ. ಕಾಶಿಯಲ್ಲಿರುವ ನಮಗೆ ಇದು ಬಹಳ ಮೆಚ್ಚಿಗೆ. ಬೆಲೆ ಮಾತ್ರ ಗುಮಾಸ್ತನ ಸಂಬಳಕ್ಕೆ ಎಟುಕುವುದಲ್ಲ.

ಫಲಕವಿದ್ದವರಿಗೂ ಒಂದು ತೊಡಕುಂಟು. ಕಾಗದ ಬರೆದು ಅದರ ಫೋಟೋ ಕಳುಹಿಸಿದರೆ, ಅದರೊಳಗಿನ ಬರಹ ತಾನಾಗಿ ಚುಕ್ಕಿಯಾಗದು. ಅಕ್ಷರಗಳನ್ನೇ ಟೈಪು ಮಾಡಬೇಕು. ನಮ್ಮ ಸಂಘದ ಪ್ರಕಟಣೆಗಳನ್ನೂ ಇನ್ನು ಮುಂದೆ ಹಾಗೆಯೇ ಕಳುಹಿಸೋಣ.